ನಿಂತು ಓಡಿಸುವ ಬ್ಲೋವರ್: ಒಳಗೆ ಹೋಗುವ ಗಾಳಿ, ಹೊರಗೆ ಬರುವ ಗಾಳಿ

ಬೇವಿನ ಎಲೆ ಉದುರುವ ಕಾಲ ಬಂತೆಂದರೆ ಕಲಬುರಗಿ, ಬೀದರ, ಯಾದಗಿರಿ ಕಡೆಯ ಕಾಲೇಜು, ಕಾರ್ಖಾನೆ, ದೇವಸ್ಥಾನಗಳ ಅಂಗಳ ಬೆಳಗಾಗುವಷ್ಟರಲ್ಲಿ ಹಳದಿಯಾಗಿರುತ್ತದೆ. ಕಸಬರಿಗೆಯಿಂದ ಮುಗಿಯದ ಕೆಲಸಕ್ಕೆ ಕೆಲವು ಕಡೆ ಎಲೆ ಊದುವ ದೊಡ್ಡ ಯಂತ್ರ ಬಂದಿದೆ. ಹಿಂದಿನ ಪಟ್ಟಿಯ ಮೇಲೆ ನಿಂತುಕೊಂಡು, ಎರಡು ಸನ್ನೆ ಹಿಡಿದು ಓಡಿಸುವ ಗಾಡಿ ಇದು. ಮುಂದೆ ಪೆಟ್ರೋಲ್ ಎಂಜಿನ್, ಅದರ ಬಲದಿಂದ ತಿರುಗುವ ದೊಡ್ಡ ಫ್ಯಾನು, ಗಾಳಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಬಾಯಿ. ಈ ಸಲ ಇದರ ಬಗ್ಗೆಯೇ ಬಂದ ಪತ್ರಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜಿಗೆ ನಿಂತು ಓಡಿಸೋ ಬ್ಲೋವರ್ ಬಂದದ. ಮಾರಿದವರು ಅರ್ಧ ತಾಸು ತೋರಿಸಿ ಹೋದ್ರು. ಈಗ ನಮ್ಮ ಹುಡುಗರು ಇಬ್ರು ಓಡಸ್ಲಾಕತ್ತಾರ. ಮೊದಲನೇ ದಿನಾನೇ ಕಲ್ಲು ಸಿಡಿದು ಕಿಟಕಿ ಗಾಜು ಒಡೀತು. ದಿನಾ ಯಾವ ಕ್ರಮದಾಗ ನಡಸಬೇಕು, ತಿಳಸ್ರಿ.
— ಉದ್ಯಾನದ ಮೇಲ್ವಿಚಾರಕರು, ಕಲಬುರಗಿ

ಉತ್ತರ: ಗಾಜು ಒಡೆದದ್ದಕ್ಕೆ ಹುಡುಗರನ್ನು ಬೈಯಬೇಡಿ. ಬಾಯಿಯಿಂದ ಹೊರಬೀಳುವ ಗಾಳಿಯ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ ಎಂದು ಅರ್ಧ ತಾಸಿನಲ್ಲಿ ಯಾರಿಗೂ ಮನವರಿಕೆ ಆಗುವುದಿಲ್ಲ. ಎಲೆಯ ಜೊತೆ ಗೋಲಿಯಷ್ಟು ದಪ್ಪದ ಕಡಿ ಕಲ್ಲೂ ಹಾರುತ್ತದೆ.

ಹಾಗಾಗಿ ಕೆಲಸ ಶುರುವಾಗುವುದು ಯಂತ್ರದಿಂದಲ್ಲ, ನಡಿಗೆಯಿಂದ. ಊದಬೇಕಾದ ಜಾಗವನ್ನು ಒಂದು ಸುತ್ತು ಹಾಕಿ ಕಡಿ, ಬಾಟಲಿ, ತಂತಿ ತುಂಡು ಆರಿಸಿ ತೆಗೆಯಬೇಕು. ಜನರಿಂದ ಕನಿಷ್ಠ 15 ಮೀಟರ್ ದೂರ ಇರಲಿ. ಯಾರಾದರೂ ಹತ್ತಿರ ಬಂದರೆ ಗಾಳಿಯ ಬಾಯಿ ತಿರುಗಿಸಿದರೆ ಸಾಲದು, ಎಂಜಿನ್ ವೇಗ ಇಳಿಸಿ ನಿಲ್ಲಬೇಕು. ಕಿಟಕಿ, ನಿಲ್ಲಿಸಿದ ಗಾಡಿ, ಬಾಗಿಲು ಯಾವ ಕಡೆ ಇವೆಯೋ ಅದರ ವಿರುದ್ಧ ದಿಕ್ಕಿಗೇ ಬಾಯಿ ಇರುವಂತೆ ಸಾಲು ಹಿಡಿಯಿರಿ. ಬೀಸುವ ಗಾಳಿಗೆ ಎದುರಾಗಿ ಊದಿದರೆ ಧೂಳು ವಾಪಸ್ ಓಡಿಸುವವರ ಮುಖಕ್ಕೇ ಬರುತ್ತದೆ.

ಶುರು ಮಾಡುವ ಮುನ್ನ ಗಾಡಿ ಸಮತಟ್ಟು ಜಾಗದಲ್ಲಿ ತಣ್ಣಗೆ ಇರುವಾಗಲೇ ಎಂಜಿನ್ ಆಯಿಲ್ ಕಡ್ಡಿ ತೆಗೆದು ಒರೆಸಿ ಮತ್ತೆ ಹಾಕಿ ನೋಡಿ. ಟೈರಿನ ಗಾಳಿ ಎರಡೂ ಕಡೆ ಸಮ ಇರಲಿ. ಒಂದು ಕಡೆ ಕಡಿಮೆ ಇದ್ದರೆ ಸನ್ನೆ ನೇರ ಹಿಡಿದರೂ ಗಾಡಿ ಓರೆಯಾಗಿ ಎಳೆಯುತ್ತದೆ. ಚಕ್ರದ ನಟ್ಟು, ಫ್ಯಾನಿನ ಮುಂದಿನ ಜಾಲರಿ, ಬೆಲ್ಟು ಕಣ್ಣಿಗೆ ಬೀಳಲಿ. ಆಮೇಲೆ ಪಾರ್ಕಿಂಗ್ ಬ್ರೇಕ್ ಹಾಕಿ, ಸನ್ನೆಗಳು ನ್ಯೂಟ್ರಲ್‌ನಲ್ಲಿ ಇವೆ ಎಂದು ಖಾತ್ರಿ ಮಾಡಿಕೊಂಡು ಚಾವಿ ತಿರುಗಿಸಿ. ಒಂದು ಸಲಕ್ಕೆ 5 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಹಿಡಿಯದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ನೋಡಿ, ಇಲ್ಲವಾದರೆ ಸ್ಟಾರ್ಟರ್ ಸುಡುತ್ತದೆ. ಎರಡು ಮೂರು ನಿಮಿಷ ಬಿಸಿಯಾದ ಮೇಲೆಯೇ ಹೊರಡಿ.

ಪೂರ್ತಿ ರೇಸ್ ಕೊಟ್ಟರಷ್ಟೇ ಕೆಲಸ ಆಗುತ್ತದೆ ಎನ್ನುವುದು ತಪ್ಪು. ಒಣ ಬೇವಿನ ಎಲೆಗೆ ಅರ್ಧ ರೇಸು ಸಾಕು. ಎರೆಮಣ್ಣಿನ ಮೈದಾನದಲ್ಲಿ ಪೂರ್ತಿ ರೇಸಿನಲ್ಲಿ ಬಾಯಿಯನ್ನು ನೆಲಕ್ಕೆ ಹಿಡಿದರೆ ಎಲೆಗಿಂತ ಮೊದಲು ಮಣ್ಣೇ ಏಳುತ್ತದೆ. ಬಾಯಿಯನ್ನು ತುಸು ಮೇಲಕ್ಕೆತ್ತಿ, ಗಾಳಿ ನೆಲವನ್ನು ಕೆರೆಯದೆ ಎಲೆಯ ಅಡಿಗಷ್ಟೇ ಹೋಗುವಂತೆ ಮಾಡಿ.

ಶಹಾಬಾದ ಫರ್ಸಿ ಹಾಕಿದ ಅಂಗಳ ಇದ್ದರೆ ಇನ್ನೊಂದು ಮಾತು. ಕಾಲಾಡಿ ನುಣುಪಾದ ಫರ್ಸಿಯ ಮೇಲೆ ಹಸಿ ಎಲೆ ಬಿದ್ದಿದ್ದರೆ ಟೈರು ಹಿಡಿಯುವುದಿಲ್ಲ. ಗಾಡಿ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಅಲ್ಲಿ ತಿರುವು ದೊಡ್ಡದಾಗಿರಲಿ, ವೇಗ ನಡಿಗೆಯಷ್ಟೇ ಇರಲಿ. ಇಳಿಜಾರಿನ ಮಿತಿ ನಿಮ್ಮ ಯಂತ್ರದ ಕೈಪಿಡಿಯಲ್ಲಿ ಡಿಗ್ರಿಯಲ್ಲಿ ಇರುತ್ತದೆ. 10 ಡಿಗ್ರಿ ಎಂದರೆ ಒಂದು ಮೀಟರಿಗೆ ಸುಮಾರು 17-18 ಸೆಂಟಿಮೀಟರ್ ಏರು. ಮೀಟರ್ ಉದ್ದದ ಪಟ್ಟಿಯ ಒಂದು ತುದಿ ಏರಿನ ಮೇಲಿಟ್ಟು, ಮೇಸ್ತ್ರಿಯ ರಸಮಟ್ಟ ಇಟ್ಟು ಸಮ ಮಾಡಿ, ಇನ್ನೊಂದು ತುದಿಯ ಕೆಳಗಿನ ಸಂದು ಅಳೆದರೆ ಲೆಕ್ಕ ಸಿಗುತ್ತದೆ.

ಪ್ರಶ್ನೆ: ಸನ್ನೆ ಬಿಟ್ಟು ಕೆಳಗಿಳಿದರೆ ಎಂಜಿನ್ ಬಂದ್ ಆಗುತ್ತದೆ. ಪ್ರತಿ ಸಲ ಕೊಂಬೆ ಎತ್ತಿಡಲು ಇಳಿದಾಗಲೂ ಮತ್ತೆ ಸ್ಟಾರ್ಟ್ ಮಾಡಬೇಕು. ಗ್ಯಾರೇಜಿನವರು ಎರಡು ವೈರು ಕೂಡಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಿಸಬಹುದೆ?
— ಓದುಗರು, ಹುಮನಾಬಾದ

ಉತ್ತರ: ಬೇಡ. ಖಂಡಿತ ಬೇಡ. ಅದು ದೋಷವಲ್ಲ. ಓಡಿಸುವವರು ಜಾಗದಲ್ಲಿ ಇಲ್ಲ ಎಂದು ಯಂತ್ರಕ್ಕೆ ಗೊತ್ತಾಗುವ ಸ್ವಿಚ್ಚು ಅದು. ಕಾಲು ಜಾರಿ ಬಿದ್ದವರ ಮೇಲೆ ನೂರಾರು ಕಿಲೋ ತೂಕದ ಗಾಡಿ ಹಿಮ್ಮುಖವಾಗಿ ಹತ್ತದಂತೆ ತಡೆಯುವುದು ಆ ಎರಡು ವೈರುಗಳೇ. ಇಳಿಯುವ ಮೊದಲು ಸನ್ನೆ ನ್ಯೂಟ್ರಲ್‌ಗೆ ತಂದು ಪಾರ್ಕಿಂಗ್ ಬ್ರೇಕ್ ಹಾಕಿ. ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಹಾಕಿದ್ದರೆ ಇಳಿದರೂ ಎಂಜಿನ್ ಬಂದ್ ಆಗುವುದಿಲ್ಲ. ಬ್ರೇಕ್ ಹಾಕಿದ ಮೇಲೂ ಬಂದ್ ಆಗುತ್ತಿದ್ದರೆ ಬ್ರೇಕ್ ಸ್ವಿಚ್ಚಿನ ಕನೆಕ್ಟರಿನಲ್ಲಿ ಧೂಳು, ತುಕ್ಕು ಕೂತಿದೆಯೇ ನೋಡಿಸಿ, ಸ್ವಚ್ಛ ಮಾಡಿಸಿ.

ವಾರಕ್ಕೊಮ್ಮೆ ಬಯಲಲ್ಲಿ ಒಂದು ಪರೀಕ್ಷೆ ಮಾಡಿ. ಎಂಜಿನ್ ನಿಧಾನವಾಗಿ ಓಡುತ್ತಿರಲಿ, ಸನ್ನೆ ನ್ಯೂಟ್ರಲ್‌ನಲ್ಲಿರಲಿ, ಬ್ರೇಕ್ ತೆಗೆದಿರಲಿ. ಹಾಗೇ ಪಟ್ಟಿಯಿಂದ ಇಳಿದಾಗ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಗಾಡಿ ಹೊರಗೆ ತೆಗೆಯಬೇಡಿ.

ಪ್ರಶ್ನೆ: ಮೂರು ತಿಂಗಳ ಹಿಂದೆ ತಂದ ಯಂತ್ರ. ಈಗ ಕರಿ ಹೊಗೆ ಬರುತ್ತದೆ, ಪಿಕಪ್ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಏರ್ ಫಿಲ್ಟರ್ ವಾರಕ್ಕೊಮ್ಮೆ ಕಂಪ್ರೆಸರ್ ಗಾಳಿ ಹೊಡೆಸಿ ಹಾಕುತ್ತೇವೆ. ಆದರೂ ಹೀಗೇಕೆ?
— ಕಾರ್ಖಾನೆಯೊಂದರ ನಿರ್ವಹಣಾ ವಿಭಾಗ, ಸೇಡಂ

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ಕರಿ ಹೊಗೆ ಎಂದರೆ ಎಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು. ಉಸಿರಾಡುವ ದಾರಿ ಮುಚ್ಚಿದೆ. ಈ ಯಂತ್ರ ತಾನೇ ಎಬ್ಬಿಸಿದ ಧೂಳಿನ ನಡುವೆ ತಾನೇ ನಿಂತು ಉಸಿರೆಳೆಯುತ್ತದೆ. ಬೈಕಿನ ಫಿಲ್ಟರ್ ವರ್ಷದಲ್ಲಿ ತಿನ್ನುವ ಧೂಳನ್ನು ನಮ್ಮ ಸೀಮೆಯಲ್ಲಿ ಇದು ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಕೈಪಿಡಿಗಳಲ್ಲಿ ಫಿಲ್ಟರ್ ಬದಲಿಸಲು ಸಾಮಾನ್ಯವಾಗಿ 100 ಗಂಟೆ ಎಂದಿರುತ್ತದೆ. ಅದರ ಪಕ್ಕದಲ್ಲೇ ‘ಧೂಳಿದ್ದಲ್ಲಿ ಇನ್ನೂ ಬೇಗ’ ಎಂಬ ಮಾತೂ ಇರುತ್ತದೆ. ನಮ್ಮ ಭಾಗಕ್ಕೆ ಅನ್ವಯಿಸುವುದು ಆ ಎರಡನೇ ಮಾತು. ಪ್ರತಿ 8 ಗಂಟೆಯ ಓಟಕ್ಕೆ ಫಿಲ್ಟರ್ ಬಿಚ್ಚಿ ನೋಡುವುದು ರೂಢಿಯಾಗಲಿ.

ಇನ್ನು ಕಂಪ್ರೆಸರ್. ಫಿಲ್ಟರಿನ ಕಾಗದ ಸೂಕ್ಷ್ಮ ರಂಧ್ರಗಳ ಜಾಲ. ಕಂಪ್ರೆಸರಿನ ಗಾಳಿ ಆ ರಂಧ್ರಗಳನ್ನು ಹಿಗ್ಗಿಸುತ್ತದೆ, ಕಾಗದವನ್ನೇ ಹರಿದುಹಾಕುತ್ತದೆ. ಮೇಲ್ನೋಟಕ್ಕೆ ಫಿಲ್ಟರ್ ಬೆಳ್ಳಗೆ ಕಾಣುತ್ತದೆ, ಆದರೆ ಮರುದಿನದಿಂದ ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ. ಕಾಗದದ ಫಿಲ್ಟರನ್ನು ಗಟ್ಟಿ ಹಲಗೆಯ ಮೇಲೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ಅದಕ್ಕೂ ಹೋಗದಿದ್ದರೆ ಹೊಸದು ಹಾಕಿ. ಅದನ್ನು ತೊಳೆಯಬಾರದು, ಪೆಟ್ರೋಲಿನಲ್ಲಿ ಅದ್ದಬಾರದು. ಅದರ ಮೇಲೆ ಸ್ಪಂಜಿನ ಹೊದಿಕೆ ಇದ್ದರೆ ಅದನ್ನು ಮಾತ್ರ ಸಾಬೂನು ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಬಹುದು. ಇನ್ನೊಂದು ಸ್ಪಂಜು ಇಟ್ಟುಕೊಂಡರೆ ಒಣಗುವ ತನಕ ಕೆಲಸ ನಿಲ್ಲುವುದಿಲ್ಲ.

ಎರಡು ಪರೀಕ್ಷೆ ಇಂದೇ ಮಾಡಿ. ಒಂದು, ಫಿಲ್ಟರಿನ ಒಳಗೆ ಮೊಬೈಲ್ ಟಾರ್ಚ್ ಹಿಡಿದು ಕತ್ತಲಲ್ಲಿ ಸುತ್ತಲೂ ತಿರುಗಿಸಿ. ಚುಕ್ಕಿಯಂತೆ ಬೆಳಕು ಹೊಳೆದರೆ ಅಲ್ಲಿ ತೂತಿದೆ, ಫಿಲ್ಟರ್ ಎಸೆಯಿರಿ. ಎರಡು, ಫಿಲ್ಟರ್ ತೆಗೆದಾಗ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿಗೆ ಹೋಗುವ ದಾರಿಯ ಒಳಗೋಡೆಯನ್ನು ಬಿಳಿ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ. ಬಟ್ಟೆ ಬೆಳ್ಳಗೇ ಉಳಿಯಬೇಕು. ಬೂದು ಬಣ್ಣದ ನುಣ್ಣನೆ ಹಿಟ್ಟು ಅಂಟಿದರೆ ಧೂಳು ಒಳಗೆ ನುಸುಳುತ್ತಿದೆ. ಆಗ ಫಿಲ್ಟರಿನ ರಬ್ಬರ್ ಅಂಚು ಸೀಳಿದೆಯೋ, ಮುಚ್ಚಳದ ಕ್ಲಿಪ್ಪು ಸಡಿಲವಿದೆಯೋ ಹುಡುಕಿ. ಆ ಹಿಟ್ಟೇ ಆಯಿಲಿನ ಜೊತೆ ಸೇರಿ ಪಿಸ್ಟನ್ ರಿಂಗನ್ನು ಮಸೆಕಲ್ಲಿನಂತೆ ಸವೆಸುತ್ತದೆ. ಹೊಗೆ ನೀಲಿಯಾದ ದಿನ ರಿಂಗು ಸವೆದು ಆಯಿಲ್ ಸುಡುತ್ತಿದೆ ಎಂದರ್ಥ, ಆಮೇಲೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ನಿಮ್ಮದು ಇನ್ನೂ ಕರಿ ಹೊಗೆ, ಕಾಲ ಮಿಂಚಿಲ್ಲ.

ಇದೇ ಹೊತ್ತಿಗೆ ಎಂಜಿನ್ನಿನ ಮೇಲಿನ ಜಾಲರಿ ಮತ್ತು ಸಿಲಿಂಡರಿನ ರೆಕ್ಕೆಗಳ ನಡುವೆ ಕೂತ ಬೇವಿನ ಎಲೆಕಡ್ಡಿ ತೆಗೆಯಿರಿ. ಎಂಜಿನ್ ತಣಿಯುವುದೂ ಗಾಳಿಯಿಂದಲೇ. ಆಯಿಲ್ಲನ್ನು ಹೊಸ ಎಂಜಿನ್ನಿನಲ್ಲಿ ಮೊದಲ 5ರಿಂದ 8 ಗಂಟೆಗೆ, ಆಮೇಲೆ ಸಾಮಾನ್ಯವಾಗಿ 100 ಗಂಟೆಗೊಮ್ಮೆ ಬದಲಿಸುತ್ತಾರೆ. ಬೇಸಿಗೆಯ ಬಿಸಿಯಲ್ಲಿ 10ಡಬ್ಲ್ಯೂ-30 ದರ್ಜೆಯ ಆಯಿಲ್ ಹಾಕಿದರೆ ಅದು ಬೇಗ ಇಳಿಯುವುದುಂಟು. ನಿಮ್ಮ ಎಂಜಿನ್ನಿಗೆ ಎಸ್‌ಎಇ 30 ದರ್ಜೆಯದು ಆಗುತ್ತದೆಯೇ ಎಂದು ಕೈಪಿಡಿಯ ಉಷ್ಣತೆಯ ಪಟ್ಟಿ ನೋಡಿ.

ಪ್ರಶ್ನೆ: ನಿನ್ನೆಯಿಂದ ಯಂತ್ರ ಜೋರಾಗಿ ನಡುಗುತ್ತಿದೆ, ಸನ್ನೆ ಹಿಡಿದ ಕೈ ಜೋಮು ಹಿಡಿಯುತ್ತದೆ. ಕೆಲಸ ಮುಗಿಸಿ ಆಮೇಲೆ ತೋರಿಸಿದರೆ ನಡೆಯುತ್ತದೆಯೆ?
— ಓದುಗರು, ಬೀದರ

ಉತ್ತರ: ಇಲ್ಲ, ಆಗಲೇ ನಿಲ್ಲಿಸಬೇಕಿತ್ತು. ಲೆಕ್ಕ ಹೇಳುತ್ತೇವೆ, ಕೇಳಿ. ನಡುಮಧ್ಯದಿಂದ 20 ಸೆಂಟಿಮೀಟರ್ ದೂರದಲ್ಲಿ, ಫ್ಯಾನಿನ ಒಂದೇ ರೆಕ್ಕೆಗೆ 10 ಗ್ರಾಂ ಕೆಮ್ಮಣ್ಣು ಅಂಟಿದೆ ಎಂದುಕೊಳ್ಳಿ. ನಿಮಿಷಕ್ಕೆ 3,600 ಸುತ್ತು ತಿರುಗುವಾಗ ಆ ಚಿಟಿಕೆ ಮಣ್ಣು ಸುಮಾರು 29 ಕಿಲೋ ತೂಕದಷ್ಟು ಬಲದಿಂದ ಶಾಫ್ಟನ್ನು ಹೊರಕ್ಕೆ ಎಳೆಯುತ್ತದೆ, ಸೆಕೆಂಡಿಗೆ 60 ಸಲ ದಿಕ್ಕು ಬದಲಿಸುತ್ತ. ಬೇರಿಂಗ್ ಎಷ್ಟು ದಿನ ತಾಳೀತು? ಮಣ್ಣಿನ ಬದಲು ರೆಕ್ಕೆಯ ತುದಿಯೇ ಮುರಿದಿದ್ದರೂ ಇದೇ ಕತೆ.

ಎಂಜಿನ್ ಬಂದ್ ಮಾಡಿ, ಚಾವಿ ಜೇಬಿಗೆ ಹಾಕಿಕೊಳ್ಳಿ, ಫ್ಯಾನು ಪೂರ್ತಿ ನಿಲ್ಲುವ ತನಕ ಕಾಯಿರಿ. ಎರಡು ಸಿಲಿಂಡರ್ ಇದ್ದರೆ ಎರಡೂ ಪ್ಲಗ್ಗಿನ ವೈರು ಕಿತ್ತು ದೂರ ಕಟ್ಟಿ. ಬಿಸಿ ಎಂಜಿನ್ನಿನ ಫ್ಯಾನನ್ನು ಕೈಯಿಂದ ತಿರುಗಿಸಿದರೂ ಒಂದು ಕಿಡಿ ಸಿಕ್ಕರೆ ಸಾಕು, ಬೆರಳು ಹೋಗುತ್ತದೆ. ಆಮೇಲೆ ಜಾಲರಿ ತೆಗೆದು ರೆಕ್ಕೆಗಳಿಗೆ ಅಂಟಿದ ಮಣ್ಣನ್ನು ಮರದ ಕಡ್ಡಿಯಿಂದ ಕೆರೆಯಿರಿ. ರೆಕ್ಕೆ ಬುಡಕ್ಕೆ ಸೇರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಬಿರುಕಿದ್ದರೆ ಪೂರ್ತಿ ಫ್ಯಾನು ಹೊಸದು. ವೆಲ್ಡಿಂಗ್ ಮಾಡಿಸಬೇಡಿ, ವೆಲ್ಡಿಂಗಿನ ತೂಕವೇ ಹೊಸ ಅಸಮತೋಲ. ನಡುವಿನ ಬೋಲ್ಟನ್ನು ಪಾನಾದಿಂದ ಅಂದಾಜಿಗೆ ಬಿಗಿಯಬೇಡಿ, ಕೈಪಿಡಿಯ ಅಳತೆಗೆ, ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾದಲ್ಲಿ ಬಿಗಿಯಿರಿ.

ಪ್ರಶ್ನೆ: ಮಳೆಗಾಲ ಪೂರ್ತಿ ಶೆಡ್ಡಿನಲ್ಲಿತ್ತು. ಈಗ ಸೆಲ್ಫ್ ಹೊಡೆದರೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ.
— ಓದುಗರು, ಯಾದಗಿರಿ

ಉತ್ತರ: ಮತ್ತೆ ಸೆಲ್ಫ್ ಹೊಡೆಯುವ ಮುನ್ನ ಎಂಜಿನ್ನಿನ ಮೇಲಿನ ಕವಚ ಬಿಚ್ಚಿ. ಮಳೆಗಾಲದಲ್ಲಿ ಇಲಿ ಗೂಡು ಕಟ್ಟಲು ಇದಕ್ಕಿಂತ ಬೆಚ್ಚಗಿನ ಜಾಗ ಬೇರೆ ಇಲ್ಲ. ವೈರು ಕಡಿದಿದೆಯೇ, ಹುಲ್ಲು ತುಂಬಿದೆಯೇ ನೋಡಿ.

ಅದು ಸರಿಯಿದ್ದರೆ ತಪ್ಪು ಪೆಟ್ರೋಲಿನದು. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಮಳೆಗಾಲದ ತೇವ ಹೀರುತ್ತದೆ. ನೀರು ಹೆಚ್ಚಾದಾಗ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ, ಮತ್ತು ಎಂಜಿನ್ ಎಳೆಯುವುದು ತಳದಿಂದಲೇ. ಕಾರ್ಬೊರೇಟರಿನ ಬಟ್ಟಲಿನ ಬೋಲ್ಟು ಬಿಚ್ಚಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಇಡಿ. ಎರಡು ಪದರ ಕಂಡರೆ, ಕಲಕಿದಂತೆ ಮಬ್ಬಾಗಿದ್ದರೆ ಟ್ಯಾಂಕೂ ಖಾಲಿ ಮಾಡಿ. ಬಟ್ಟಲಿನಲ್ಲಿ ಅಂಟಿನಂಥ ಕಂದು ಲೇಪ ಇದ್ದರೆ ಪೆಟ್ರೋಲ್ ಹಾಯುವ ಸಣ್ಣ ನಳಿಗೆಯಾದ ಜೆಟ್ಟಿನ ರಂಧ್ರವೂ ಕಟ್ಟಿರುತ್ತದೆ, ಕಾರ್ಬೊರೇಟರ್ ಕ್ಲೀನರ್ ಹೊಡೆಯಿರಿ. ತಂತಿ ತೂರಿಸಿ ರಂಧ್ರ ದೊಡ್ಡದು ಮಾಡಬೇಡಿ. ಬ್ಯಾಟರಿ ಪೂರ್ತಿ ಚಾರ್ಜಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಿ.

ಮುಂದಿನ ಸಲ ತಿಂಗಳಿಗಿಂತ ಹೆಚ್ಚು ನಿಲ್ಲಿಸುವಾಗ ಟ್ಯಾಂಕು ಖಾಲಿ ಮಾಡಿ, ಬಯಲಲ್ಲಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡಿ. ಶೆಡ್ಡಿನ ಬಾಗಿಲು ಹಾಕಿ ಓಡಿಸಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗುವಷ್ಟರಲ್ಲಿ ಕಾಲು ಸೋತಿರುತ್ತದೆ.

ಪ್ರಶ್ನೆ: ತೊಗರಿಗೆ ಎಣ್ಣಿ ಹೊಡಿಯೋ ಬೆನ್ನಿನ ಪವರ್ ಸ್ಪ್ರೇಯರ್ ಅದ. ಟಾಕಿ ಖಾಲಿ ಮಾಡಿ ಶಾಲಿ ಅಂಗಳದ ಎಲಿ ಊದಬಹುದೇನ್ರಿ?
— ರೈತರು, ಜೇವರ್ಗಿ

ಉತ್ತರ: ಶಾಲೆಯ ಅಂಗಳಕ್ಕೆ ಬೇಡ. ಟಾಕಿ ಎಷ್ಟು ತೊಳೆದರೂ ಪೈಪಿನ ಸುಕ್ಕುಗಳಲ್ಲಿ, ನಳಿಗೆಯಲ್ಲಿ ಕೀಟನಾಶಕ ಒಣಗಿ ಕೂತಿರುತ್ತದೆ. ಜೋರು ಗಾಳಿ ಅದನ್ನು ಪುಡಿಯಾಗಿ ಮಕ್ಕಳು ಕೂಡುವ ಕಟ್ಟೆಯ ಮೇಲೆ ಚೆಲ್ಲುತ್ತದೆ. ಊದಲು ಬೇರೆ ಬ್ಲೋವರ್ ಇರಲಿ. ಅದು ಟೂ ಸ್ಟ್ರೋಕ್ ಆಗಿದ್ದರೆ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಬೇಕು: ಕೈಪಿಡಿಯಲ್ಲಿ 1:50 ಎಂದಿದ್ದರೆ ಲೀಟರಿಗೆ 20 ಮಿ.ಲೀ., 1:25 ಎಂದಿದ್ದರೆ 40 ಮಿ.ಲೀ.

ಪ್ರಶ್ನೆ: ಬೇಸಿಗೆಯಲ್ಲಿ ಯಾವ ಹೊತ್ತಿಗೆ ಓಡಿಸಬೇಕು? ನಮ್ಮ ಪಕ್ಕದಲ್ಲೇ ಆಸ್ಪತ್ರೆ ಇದೆ.
— ಓದುಗರು, ಕಲಬುರಗಿ

ಉತ್ತರ: ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಶಬ್ದಮಾಲಿನ್ಯ ನಿಯಮದ ಪ್ರಕಾರ ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬಲ್, ಈ ಯಂತ್ರ ಅದನ್ನು ಎಷ್ಟೋ ಮೀರುತ್ತದೆ. ಆ ಬದಿಯನ್ನು ಕಸಬರಿಗೆಗೆ ಬಿಡಿ. ಉಳಿದ ಕಡೆ ಬೆಳಿಗ್ಗೆ 7ರಿಂದ 10ರೊಳಗೆ ಮುಗಿಸುವುದು ಒಳ್ಳೆಯದು.

ಓಡಿಸುವವರ ಕಿವಿಯ ಲೆಕ್ಕ ಹೀಗಿದೆ: 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದು ಎಂದು ಕೆಲಸಗಾರರ ಸುರಕ್ಷತೆ, ಆರೋಗ್ಯದ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 94ಕ್ಕೆ ಒಂದೇ ಗಂಟೆ, 97ಕ್ಕೆ ಅರ್ಧ ಗಂಟೆ. ಕಿವಿಗೆ ಹತ್ತಿ ತುರುಕಿದರೆ ಸಾಲದು, ಇಯರ್ ಮಫ್ ಬೇಕು. ಕಣ್ಣಿಗೆ ಪಕ್ಕ ಮುಚ್ಚುವ ಕನ್ನಡಕ, ಮೂಗಿಗೆ ಎನ್95, ಕಾಲಿಗೆ ಬೂಟು. ಟವೆಲ್ಲು ಸುತ್ತಿಕೊಳ್ಳುವವರು ಅದರ ತುದಿ ಜೋತುಬೀಳದಂತೆ ಅಂಗಿಯೊಳಗೆ ಸೇರಿಸಲಿ, ಫ್ಯಾನು ಬಟ್ಟೆಯನ್ನೂ ಎಳೆಯುತ್ತದೆ.

ಪೆಟ್ರೋಲ್ ತುಂಬುವಾಗ ಎಂಜಿನ್ ಕನಿಷ್ಠ ಹತ್ತು ನಿಮಿಷ ತಣಿಯಲಿ. ಟ್ಯಾಂಕಿನ ಕುತ್ತಿಗೆಯಿಂದ ಮೂರು ನಾಲ್ಕು ಸೆಂಟಿಮೀಟರ್ ಕೆಳಗೇ ನಿಲ್ಲಿಸಿ, ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. ಕೆಲಸ ಮುಗಿದ ಕೂಡಲೇ ಗಾಡಿಯನ್ನು ಊದಿ ಕೂಡಿಹಾಕಿದ ಎಲೆಯ ರಾಶಿಯ ಪಕ್ಕ ನಿಲ್ಲಿಸಬೇಡಿ. ಸೈಲೆನ್ಸರ್ ಎಷ್ಟೋ ಹೊತ್ತು ಕಾದೇ ಇರುತ್ತದೆ. ಅದರ ಸಂದಿಯಲ್ಲಿ ಸಿಕ್ಕ ಒಣ ಎಲೆ ತೆಗೆದು, ಬರಿ ನೆಲದ ಮೇಲೆ, ನೆರಳಲ್ಲಿ ನಿಲ್ಲಿಸಿ.