ಸಮುದ್ರದ ನೀರನ್ನು ಬಿಸಿಲಲ್ಲೇ ಕುಡಿಯುವ ನೀರು ಮಾಡಬಹುದಲ್ಲ, ಕಷ್ಟ ಏನು?

ಕರಾವಳಿಯಲ್ಲಿ ಬಿಸಿಲಿಗೂ ಬರವಿಲ್ಲ, ಸಮುದ್ರಕ್ಕೂ ಬರವಿಲ್ಲ, ಉಪ್ಪುನೀರನ್ನು ಬಿಸಿಲಿಗೆ ಕಾಯಿಸಿ ಭಟ್ಟಿ ಇಳಿಸಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ. ನಾನು ಆರ್‌ಓ ಪ್ಲಾಂಟ್‌ಗಳ, ಅಂದರೆ ಒತ್ತಡ ಹಾಕಿ ನೀರನ್ನು ಪೊರೆಯಲ್ಲಿ ಸೋಸಿ ಉಪ್ಪು ತೆಗೆಯುವ ಪ್ಲಾಂಟ್‌ಗಳ ಕೆಲಸದಲ್ಲಿರುವವನು. ನನ್ನ ಉತ್ತರ: ಬಿಸಿಲು ಬಳಸಿ, ಆದರೆ ಕಾಯಿಸಬೇಡಿ.

ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.63 ಯೂನಿಟ್ (ಕರೆಂಟ್ ಬಿಲ್ಲಿನ ಅದೇ ಯೂನಿಟ್) ಶಾಖ ಬೇಕು. ಸಾವಿರ ಲೀಟರಿಗೆ 630 ಯೂನಿಟ್! ಗಾಜು ಮುಚ್ಚಿದ ತೊಟ್ಟಿಯನ್ನು ಬಿಸಿಲಿಗಿಟ್ಟರೆ ಒಂದು ಚದರ ಮೀಟರಿಗೆ ದಿನಕ್ಕೆ ಮೂರೋ ನಾಲ್ಕೋ ಲೀಟರ್ ಸಿಗುತ್ತದೆ, ಅಷ್ಟೇ. 1872ರಲ್ಲೇ ಚಿಲಿಯ ಲಾಸ್ ಸಲಿನಾಸ್ ಗಣಿಯಲ್ಲಿ ಇದನ್ನು ದೊಡ್ಡದಾಗಿ ಮಾಡಿದ್ದರು. ಒಂದು ಎಕರೆಗೂ ಹೆಚ್ಚು ಗಾಜು ಹಾಸಿ ದಿನಕ್ಕೆ ಸಿಕ್ಕಿದ್ದು ಇಪ್ಪತ್ತು ಸಾವಿರ ಲೀಟರ್ ಚಿಲ್ಲರೆ.

ಈಗ ಆರ್‌ಓ ಲೆಕ್ಕ ನೋಡಿ. ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್‌ಗೆ ಐದಾರು ಚದರ ಮೀಟರ್ ಜಾಗ ಸಾಕು, ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಒಳ್ಳೆಯ ದೊಡ್ಡ ಪ್ಲಾಂಟ್ ಸಮುದ್ರದ ನೀರಿನಿಂದ ಸಾವಿರ ಲೀಟರ್ ಸಿಹಿನೀರು ತೆಗೆಯಲು ಖರ್ಚು ಮಾಡುವುದು 3ರಿಂದ 4 ಯೂನಿಟ್. ಅಷ್ಟೇ ಜಾಗದ ಗಾಜಿನ ತೊಟ್ಟಿಯಲ್ಲಿ ಸಿಗುವುದು ಇಪ್ಪತ್ತು ಲೀಟರ್!

ಇಷ್ಟು ಕಮ್ಮಿ ಕರೆಂಟಲ್ಲಿ ಹೇಗೆ? ನೀರನ್ನು ಸುಮಾರು 60 ಬಾರ್ ಒತ್ತಡದಲ್ಲಿ (ಗಾಳಿಯ ಒತ್ತಡದ ಸುಮಾರು ಅರವತ್ತು ಪಟ್ಟು) ಮೆಂಬ್ರೇನ್‌ಗೆ, ಅಂದರೆ ಉಪ್ಪನ್ನು ತಡೆಯುವ ಪೊರೆಗೆ ತಳ್ಳುತ್ತೇವೆ. ದಾಟಿ ಬರುವುದು ನೂರಕ್ಕೆ ನಲವತ್ತು ಭಾಗ. ಉಳಿದ ಗಟ್ಟಿ ಉಪ್ಪುನೀರು ಹೆಚ್ಚುಕಡಿಮೆ ಅದೇ ಒತ್ತಡದಲ್ಲಿ ಹೊರಗೆ ಬರುತ್ತದೆ. ಹಿಂದೆ ಅದೆಲ್ಲ ಸುಮ್ನೆ ಪೋಲು. ಈಗ ಆ ಒತ್ತಡವನ್ನು ಒಳಗೆ ಬರುವ ನೀರಿಗೆ ದಾಟಿಸುವ ಸಾಧನಗಳಿವೆ. ಪ್ಯಾನೆಲ್‌ಗಿಂತ ಜಾಸ್ತಿ ಹೊಗಳಬೇಕಾದ್ದು ಇದನ್ನೇ.

ಕಷ್ಟ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಕೋಟಿಗಟ್ಟಲೆ ರೂಪಾಯಿ ಸುರಿದ ಪ್ಲಾಂಟನ್ನು ಹಗಲು ಮಾತ್ರ ಓಡಿಸಿದರೆ ನೀರಿನ ಬೆಲೆ ಏರುತ್ತದೆ. ನಿಲ್ಲಿಸಿದಾಗೆಲ್ಲ ಮೆಂಬ್ರೇನ್ ತೊಳೆಯಬೇಕು, ಇಲ್ಲದಿದ್ದರೆ ಪಾಚಿಯಂಥ ಲೋಳೆ ಕಟ್ಟುತ್ತದೆ. ಹಾಗಾಗಿ ಆಸ್ಟ್ರೇಲಿಯಾದ ಪರ್ತ್‌ನವರು 2006ರಲ್ಲಿ ಜಾಣತನ ಮಾಡಿದರು. ದಿನಕ್ಕೆ 14 ಕೋಟಿ ಲೀಟರಿನ ಅವರ ಪ್ಲಾಂಟ್ ಓಡುವುದು ಗ್ರಿಡ್ ಕರೆಂಟಲ್ಲಿ, ಅದಕ್ಕೆ ಸರಿದೂಗುವಷ್ಟನ್ನು ಎಮು ಡೌನ್ಸ್ ಗಾಳಿಯಂತ್ರಗಳು ಗ್ರಿಡ್‌ಗೆ ಕೊಡುತ್ತವೆ. ಗಾಳಿ ನಿಂತರೂ ಪ್ಲಾಂಟ್ ನಿಲ್ಲುವುದಿಲ್ಲ. ಇದು ಬರೀ ಕಾಗದದ ಲೆಕ್ಕ ಅನ್ನುವವರಿದ್ದಾರೆ. ನನಗೆ ಹಾಗೇನೂ ಅನ್ನಿಸುವುದಿಲ್ಲ.

ಲಕ್ಷದ್ವೀಪದ ಕವರಟ್ಟಿಯದು ಬೇರೆಯೇ ದಾರಿ. 2005ರಿಂದ ಅಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಪ್ಲಾಂಟ್ ಇದೆ, ಚೆನ್ನೈನ ಎನ್‌ಐಓಟಿ (ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ) ಕಟ್ಟಿದ್ದು. ಮೇಲಿನ ಬೆಚ್ಚನೆಯ ನೀರು ನಿರ್ವಾತದಲ್ಲಿ ತಾನೇ ಆವಿಯಾಗುತ್ತದೆ, ಆಳದ ತಣ್ಣೀರು ಆ ಆವಿಯನ್ನು ನೀರಾಗಿಸುತ್ತದೆ. ದಂಡೆ ಹತ್ತಿರವೇ ಆಳ ಸಿಗುವ ದ್ವೀಪಗಳಿಗೆ ಸರಿ, ನಮ್ಮ ಕರಾವಳಿಗೆ ಆಗುವುದಿಲ್ಲ.

ನಿಮ್ಮ ಮನಸ್ಸಿನಲ್ಲಿರುವುದು ಬೇಸಿಗೆಯಲ್ಲಿ ಉಪ್ಪಾಗುವ ಬಾವಿಯಾದರೆ ಕೆಲಸ ತುಂಬ ಸುಲಭ. ಉಪ್ಪು ಕಮ್ಮಿ, ಒತ್ತಡವೂ ಕಮ್ಮಿ ಸಾಕು. ಬ್ಯಾಟರಿಗೆ ದುಡ್ಡು ಹಾಕಬೇಡಿ. ಹಗಲು ಓಡಿಸಿ, ಟ್ಯಾಂಕ್ ತುಂಬಿಸಿಕೊಳ್ಳಿ, ಸಂಜೆ ನಿಲ್ಲಿಸುವ ಮುಂಚೆ ಸಿಹಿನೀರು ಹಾಯಿಸಿ ಮೆಂಬ್ರೇನ್ ತೊಳೆಯಿರಿ. ಹೊರಗೆ ಬರುವ ಗಟ್ಟಿ ಉಪ್ಪುನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ, ತೋಟಕ್ಕೆ ಬಿಟ್ಟೀರಿ ಮತ್ತೆ!