ನೀರು ನಿಲ್ಲಿಸದೆ ಬ್ಲೋವರ್ ಬದಲಿಸಬೇಡಿ

ಪ್ರಶ್ನೆ: ಹಳೆಯ ಮಿನಿ ಬಸ್ಸನ್ನು ಕ್ಯಾರವಾನ್ ಮಾಡಿಸಿಕೊಂಡಿದ್ದೇವೆ. ಎರಡು ಮಳೆಗಾಲದಲ್ಲಿ, ಡ್ಯಾಶ್‌ಬೋರ್ಡ್ ಒಳಗಿಂದ ಗಾಳಿ ಊದುವ ಬ್ಲೋವರ್ ಎರಡು ಸುಟ್ಟವು. ಎಡಗಡೆ ಕಾಲಿಡುವ ಜಾಗದ ತಗಡಿಗೂ ತುಕ್ಕು ಹಿಡಿದಿದೆ. ಯಾವ ಕಂಪನಿಯ ಬ್ಲೋವರ್ ಹಾಕಿಸಲಿ? (ಮಡಿಕೇರಿ)

ಮಳೆಗಾಲ ಮುಗಿಯುವಷ್ಟರಲ್ಲಿ ಹತ್ತು ಜನ ಇದನ್ನೇ ಕೇಳುತ್ತಾರೆ. ನೀರು ಎಲ್ಲಿಂದ ಬಂತು ಎಂದು ಒಬ್ಬರೂ ಕೇಳುವುದಿಲ್ಲ. ಕಂಪನಿಯ ಮಾತು ಆಮೇಲೆ. ಬ್ಲೋವರ್ ಸುಟ್ಟದ್ದಕ್ಕೂ ತಗಡನ್ನು ತುಕ್ಕು ತಿಂದದ್ದಕ್ಕೂ ಕಾರಣ ಒಂದೇ.

ಮುಂದಿನ ಗಾಜಿನ ಕೆಳಗೆ, ವೈಪರ್ ಬುಡದಲ್ಲಿ ತೊಟ್ಟಿಯಂಥ ಜಾಗವಿದೆ. ಬ್ಲೋವರ್ ಹೊರಗಿನ ಗಾಳಿ ಎಳೆಯುವುದು ಅಲ್ಲಿಂದ. ನೀರು ಹರಿದುಹೋಗಲು ಅದರ ಮೂಲೆಗಳಲ್ಲಿ ತೂತುಗಳಿವೆ. ತೋಟದಲ್ಲಿ ಗಾಡಿ ನಿಲ್ಲಿಸುತ್ತೀರಿ, ಸಿಲ್ವರ್ ಓಕ್ ಎಲೆ ಬಿದ್ದು ಕೊಳೆತು ತೂತು ಕಟ್ಟಿಕೊಳ್ಳುತ್ತದೆ. ಆಗ ನೀರು ತುಂಬಿ, ಗಾಳಿ ಬರುವ ಬಾಯಿಯಿಂದಲೇ ಬ್ಲೋವರ್ ಮೇಲೆ, ಅಲ್ಲಿಂದ ಕಾಲಿಡುವ ಜಾಗದ ತಗಡಿಗೆ ಇಳಿಯುತ್ತದೆ. ಈಚೆಗೆ ನಾನು ಬಿಚ್ಚಿದ ಒಂದರಲ್ಲಿ ಫ್ಯಾನಿನ ರೆಕ್ಕೆಗಳ ನಡುವೆ ಕರಿ ಎಲೆಗೊಬ್ಬರ ಮೆತ್ತಿತ್ತು, ಮೋಟರಿಗೆ ಕರೆಂಟ್ ಕೊಡುವ ಪ್ಲಗ್ಗಿನ ಪಿನ್ನುಗಳಿಗೆ ಹಸಿರು ಕಿಲುಬು, ಪ್ಲಗ್ ಒಂದು ಬದಿ ಕರಗಿ ಕಂದಾಗಿತ್ತು. ಕೈಯಲ್ಲಿ ತಿರುಗಿಸಿದರೆ ಫ್ಯಾನ್ ಅಲುಗಲಿಲ್ಲ. ಹೀಗೆ ಬಿಗಿದ ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ. ಆ ಕರಗಿದ ಪ್ಲಗ್ಗಿಗೇ ಹೊಸ ಮೋಟರ್ ಸಿಕ್ಕಿಸಿ, ಫ್ಯೂಸ್ ಜಾಗಕ್ಕೆ ತಾಮ್ರದ ತಂತಿ ಸುತ್ತಿ ಕಳಿಸುವವರಿದ್ದಾರೆ. ಬೆಂಕಿ ಹೊತ್ತಲು ಅಷ್ಟು ಸಾಕು. ಒಳಗೆ ಪ್ಲೈವುಡ್, ಫೋಮ್ ಹಾಸಿಗೆ, ಗ್ಯಾಸ್ ಸಿಲಿಂಡರ್ ಇರುವ ಗಾಡಿ ಅದು, ನಿಮ್ಮ ಮಕ್ಕಳು ಮಲಗುವ ಜಾಗ. ಅಂಥವರ ಕೈಗೆ ಕೊಡಲೇಬೇಡಿ.

ತೂತು ಬಿಡಿಸಿ, ಗಾಜಿನ ಬುಡಕ್ಕೆ ಚೊಂಬಿನಲ್ಲಿ ನಿಧಾನವಾಗಿ ನೀರು ಹೊಯ್ಯಿರಿ. ಇನ್ನೊಬ್ಬರು ಒಳಗೆ ಮ್ಯಾಟ್ ಎತ್ತಿ, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ಮಲಗಲಿ. ಎಲೆ ತೆಗೆದ ಮೇಲೂ ಹನಿ ಬಿದ್ದರೆ ಗಾಜಿನ ರಬ್ಬರ್ ಇಲ್ಲವೇ ಅದರ ಕೆಳಗಿನ ತಗಡು ಹಾಳಾಗಿರಬಹುದು. ಗಾಜು ತೆಗೆಸಿ ನೋಡಲೇಬೇಕು.

ಸ್ಕ್ರೂಡ್ರೈವರ್ ಒತ್ತಿದಾಗ ಒಳಹೋಗುವ ತಗಡನ್ನೆಲ್ಲ, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸದು ವೆಲ್ಡ್ ಮಾಡಿಸಿ. ಅದಕ್ಕೂ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಸಿಲಿಂಡರ್ ಮತ್ತು ಹಾಸಿಗೆ ಗಾಡಿಯಿಂದ ಇಳಿಸಿ. ವೆಲ್ಡಿಂಗ್ ಆದಮೇಲೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್, ಜಾಯಿಂಟಿಗೆ ನೀರು ನುಗ್ಗದಂತೆ ಸೀಲರ್, ಮೇಲೆ ಪೇಂಟ್. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ನುಣ್ಣಗೆ ಮಾಡಿಕೊಟ್ಟರೆ ದುಡ್ಡು ಕೊಡಬೇಡಿ. ಪುಟ್ಟಿ ತೇವ ಹೀರುತ್ತದೆ, ಅದರಡಿ ತುಕ್ಕು ಉಬ್ಬಿ ಪುಟ್ಟಿಯನ್ನೇ ಎತ್ತಿಹಾಕುತ್ತದೆ. ಮಡಿಕೇರಿಯ ಜುಲೈ ತೇವದಲ್ಲಿ ಹೊಡೆದ ಪ್ರೈಮರ್ ನಿಲ್ಲುವುದಿಲ್ಲ. ಹುತ್ತರಿ ಹಬ್ಬ (ನವೆಂಬರ್-ಡಿಸೆಂಬರ್) ಕಳೆದ ಮೇಲೆ ಬಿಸಿಲು ನೋಡಿ ಮಾಡಿಸಿ.

ಇಷ್ಟಾದ ಮೇಲೆ ಬ್ಲೋವರ್. ನಿಮ್ಮ ಮಾಡೆಲ್‌ನದೇ ಇರಲಿ, ಪ್ಲಗ್ ಸಮೇತ ಹೊಸದು, ಫ್ಯೂಸ್ ಕಂಪನಿ ಹೇಳಿದ ಆಂಪಿಯರಿನದೇ. ಸಂಪಾಜೆ ಘಾಟಿಯ ಮಂಜಿನಲ್ಲಿ ಗಾಜಿನ ಒಳಗಿನ ಹಬೆ ತೆಗೆಯುವುದು ಇದೇ, ಕಾಸು ಉಳಿಸುವ ಜಾಗವಲ್ಲ.

ಪ್ರಶ್ನೆ: ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ. ಮೋಟರ್ ಹೋಯಿತೇ? (ಸೋಮವಾರಪೇಟೆ)

ಮೋಟರ್ ಚೆನ್ನಾಗಿದೆ. ಸ್ಪೀಡ್ ಕಡಿಮೆ ಮಾಡುವ ರೆಸಿಸ್ಟರ್ ನೋಡಿಸಿ.

ಪ್ರಶ್ನೆ: ತುಕ್ಕಿಗೆ ಹಳೆಯ ಎಂಜಿನ್ ಆಯಿಲ್ ಬಳಿದರೆ ಸಾಕಂತೆ? (ಗೋಣಿಕೊಪ್ಪ)

ಸಾಲದು. ರಬ್ಬರ್ ಹಾಳಾಗುತ್ತದೆ, ಮುಂದೆ ಪೇಂಟೂ ಹಿಡಿಯುವುದಿಲ್ಲ.

ಪ್ರಶ್ನೆ: ಬ್ಲೋವರ್ ರಿಪೇರಿ ಆಗುವವರೆಗೆ ರಾತ್ರಿ ಒಳಗೆ ಕೆಂಡದ ಬಾಣಲೆ ಇಡಬಹುದೇ? (ವಿರಾಜಪೇಟೆ)

ಕೂಡದು! ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೇ ಹೋಗಬಹುದು. ಇನ್ನೊಂದು ಕಂಬಳಿ ತೆಗೆದುಕೊಂಡು ಹೋಗಿ.