ವೈಬ್ರೇಷನ್ಸ್ ಲೆಕ್ಕ ಸ್ವಲ್ಪ ಬದಲಾದರೂ ಕೈ ಓಡುವುದಿಲ್ಲ, ಹೇಗೆ ಓದಬೇಕು?

ಮೆಕ್ಯಾನಿಕಲ್ ವೈಬ್ರೇಷನ್ಸ್‌ನಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳು ಅರ್ಥವಾಗುತ್ತವೆ, ಸೂತ್ರಗಳೂ ಬಾಯಿಗೆ ಬಂದಿವೆ, ಆದರೆ ಚಿತ್ರದಲ್ಲಿ ಒಂದು ರಾಟೆಯೋ ಸನ್ನೆಯೋ ಹೆಚ್ಚಾದರೆ ಎಲ್ಲಿಂದ ಶುರು ಮಾಡಬೇಕೆಂದೇ ತೋಚುವುದಿಲ್ಲ ಎಂದು ಕೇಳಿದ್ದೀರಿ. ತೊಡಕು ಎಲ್ಲಿದೆ ಎಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಈ ವಿಷಯದ ಕಷ್ಟವೆಲ್ಲ ಚಿತ್ರದಿಂದ ಸಮೀಕರಣಕ್ಕೆ ಬರುವ ದಾರಿಯಲ್ಲಿದೆ. ಸಮೀಕರಣ ಸರಿಯಾಗಿ ಬಂದರೆ ಮುಂದಿನದು ಗಣಿತದ ಪೇಪರಿನಲ್ಲಿ ನೀವು ಆಗಲೇ ಬಿಡಿಸಿರುವ ಎರಡನೇ ಆರ್ಡರಿನ ಡಿಫರೆನ್ಷಿಯಲ್ ಈಕ್ವೇಷನ್, ಅಷ್ಟೆ. ಹಾಗಾಗಿ ಎರಡು ವಾರ ಉತ್ತರ ತೆಗೆಯುವುದನ್ನೇ ಬಿಡಿ. ದಿನಕ್ಕೆ ಐದು ಚಿತ್ರ ತೆಗೆದುಕೊಂಡು ಸಮೀಕರಣ ಬರೆಯಿರಿ, ಅದು ಸರಿಯೇ ಎಂದು ಪರೀಕ್ಷಿಸಿ, ಅಲ್ಲಿಗೆ ನಿಲ್ಲಿಸಿ.

ಬರೆಯುವಾಗ ವ್ಯವಸ್ಥೆಯನ್ನು ನಿಂತ ಸ್ಥಿತಿಯಿಂದ ಸ್ವಲ್ಪ ಸರಿಸಿ ಚಿತ್ರ ಹಾಕಿ. ನಿಂತ ಸ್ಥಿತಿಯ ಚಿತ್ರದ ಮೇಲೆಯೇ ಬಾಣ ಎಳೆಯುವುದರಿಂದ ಪ್ಲಸ್ಸು ಮೈನಸ್ಸು ತಪ್ಪುತ್ತದೆ, ಏಕೆಂದರೆ ಏನೂ ಸರಿಯದಿದ್ದರೆ ಸ್ಪ್ರಿಂಗ್ ಯಾವ ಕಡೆ ಎಳೆಯುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ಪಾಸಿಟಿವ್ ದಿಕ್ಕಿಗೇ ಸರಿಸಿ, ವೇಗವೂ ಅದೇ ದಿಕ್ಕಿನಲ್ಲಿದೆ ಎಂದುಕೊಳ್ಳಿ. ಆಗ ಸ್ಪ್ರಿಂಗ್, ಡ್ಯಾಂಪರ್ (ಕಂಪನ ತಗ್ಗಿಸುವ ಭಾಗ) ಎರಡರ ಬಾಣವೂ ಹಿಂದಕ್ಕೇ ಬರುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ತೂಕವಿಲ್ಲದ ಒಂದು ಅಡ್ಡ ಸರಳು, ಒಂದು ತುದಿಯಲ್ಲಿ ಹಿಂಜ್. ಹಿಂಜಿನಿಂದ 0.3 ಮೀಟರ್ ದೂರದಲ್ಲಿ ಮೀಟರಿಗೆ 4000 ನ್ಯೂಟನ್‌ನ ಸ್ಪ್ರಿಂಗ್, 0.6 ಮೀಟರಿನಲ್ಲಿ 2 ಕೆ.ಜಿ. ಮಾಸ್. ಸರಳು ಥೀಟಾ ಎಂಬ ಸಣ್ಣ ಕೋನದಷ್ಟು ತಿರುಗಿದರೆ ಸ್ಪ್ರಿಂಗ್ 0.3 ಥೀಟಾ ಹಿಗ್ಗುತ್ತದೆ. ಆ ಬಲ ಹಿಂಜಿನ ಸುತ್ತ ಕೊಡುವ ಮೊಮೆಂಟಿಗೆ ಮತ್ತೊಮ್ಮೆ 0.3ರಿಂದ ಗುಣಿಸಬೇಕು. ಒಟ್ಟು 4000 × 0.09, ಅಂದರೆ 360. ಇನರ್ಷಿಯಾ 2 × 0.36 = 0.72. ಒಮೆಗಾ (ರೇಡಿಯನ್‌ನಲ್ಲಿ ಹೇಳುವ ಫ್ರೀಕ್ವೆನ್ಸಿ) ಎಂದರೆ 360 ಭಾಗಿಸು 0.72, ಅಂದರೆ 500ರ ವರ್ಗಮೂಲ, ಸೆಕೆಂಡಿಗೆ 22.4 ರೇಡಿಯನ್, ಸುಮಾರು 3.56 ಹರ್ಟ್ಸ್. ದೂರ ಎರಡು ಸಲ ಬರುವುದೇ ಇಲ್ಲಿನ ಗುಟ್ಟು: ಒಮ್ಮೆ ಹಿಗ್ಗುವಿಕೆಯಲ್ಲಿ, ಇನ್ನೊಮ್ಮೆ ಮೊಮೆಂಟಿನಲ್ಲಿ. ಒಂದು ಸಲ ಮರೆತರೆ 6.5 ಹರ್ಟ್ಸ್ ಬರುತ್ತದೆ, ನೋಡಲು ಅದೂ ಸರಿಯಾದ ಉತ್ತರದಂತೆಯೇ ಇರುತ್ತದೆ. ಡ್ಯಾಂಪರಿಗೂ ಇದೇ ಲೆಕ್ಕ. ಡ್ಯಾಂಪಿಂಗ್ 100 ಇರುವ ಡ್ಯಾಂಪರನ್ನು 0.2 ಮೀಟರಿನಲ್ಲಿ ಇಟ್ಟರೆ 100 × 0.04 = 4. ಅದನ್ನು 360 × 0.72ರ ವರ್ಗಮೂಲದ ಎರಡರಷ್ಟರಿಂದ ಭಾಗಿಸಿದರೆ ಜೀಟಾ, ಅಂದರೆ ಡ್ಯಾಂಪಿಂಗ್ ಅನುಪಾತ, 0.124.

ಈಗ ಪರೀಕ್ಷೆ. ಸ್ಪ್ರಿಂಗನ್ನು ಮಾಸ್ ಇರುವಲ್ಲಿಗೇ ತನ್ನಿ: ಸೂತ್ರ ಸಾಮಾನ್ಯ ಸ್ಪ್ರಿಂಗ್-ಮಾಸ್‌ಗೆ ಇಳಿಯಬೇಕು, 7.12 ಹರ್ಟ್ಸ್ ಬರಬೇಕು. ಬರುತ್ತದೆ, ನಮ್ಮ ಉತ್ತರ ಅದರ ಸರಿ ಅರ್ಧ. ಸ್ಪ್ರಿಂಗನ್ನು ಹಿಂಜಿನ ಮೇಲೆಯೇ ಇಡಿ: ಅದಕ್ಕೆ ಕೆಲಸವೇ ಇಲ್ಲ, ಫ್ರೀಕ್ವೆನ್ಸಿ ಸೊನ್ನೆಯಾಗಬೇಕು. ಆಮೇಲೆ ಕೈನೆಟಿಕ್, ಪೊಟೆನ್ಷಿಯಲ್ ಎನರ್ಜಿ ಬರೆದು ಅದೇ 0.72, 360 ಬರುತ್ತವೆಯೇ ನೋಡಿ. ಎರಡು ದಾರಿಯೂ ಒಂದೇ ಕಡೆ ತಲುಪಿದರೆ ಪುಸ್ತಕದ ಕೊನೆಯಲ್ಲಿರುವ ಉತ್ತರ ನೋಡುವ ಅಗತ್ಯವಿಲ್ಲ.

ಗುರುತ್ವದ ವಿಷಯದಲ್ಲಿ ಅಂಕ ಕಳೆದುಕೊಳ್ಳುವವರು ಬಹಳ. 'ಸ್ಟ್ಯಾಟಿಕ್ ಈಕ್ವಿಲಿಬ್ರಿಯಂನಿಂದ ಅಳೆದರೆ ಗುರುತ್ವ ಹೊಡೆದುಹೋಗುತ್ತದೆ' ಎಂಬುದನ್ನು ಎಲ್ಲ ಕಡೆಗೂ ಅನ್ವಯಿಸಬೇಡಿ. ವ್ಯವಸ್ಥೆ ಸರಿದಾಗ ತೂಕದ ಮೊಮೆಂಟ್ ಬದಲಾಗದಿದ್ದರೆ ಮಾತ್ರ ಅದು ನಿಜ. ಮೇಲಿನ ಸರಳು ಅಡ್ಡವಾಗಿರುವುದರಿಂದ ಸಣ್ಣ ಕೋನಕ್ಕೆ ಅದು ಬದಲಾಗುವುದಿಲ್ಲ, ಹೊಡೆದುಹೋಗುತ್ತದೆ. ಅದೇ ಸರಳನ್ನು ಹಿಂಜಿನಿಂದ ಕೆಳಕ್ಕೆ ನೇತುಹಾಕಿದರೆ 360ಕ್ಕೆ 2 × 9.81 × 0.6, ಅಂದರೆ 11.8 ಸೇರುತ್ತದೆ. ಹಿಂಜಿನ ಮೇಲೆ ನೇರ ನಿಲ್ಲಿಸಿದರೆ ಅಷ್ಟೇ ಕಳೆಯುತ್ತದೆ. ಇಲ್ಲಿ ವ್ಯತ್ಯಾಸ ಸಣ್ಣದು. ಆದರೆ ಸ್ಪ್ರಿಂಗ್ 4000ದ ಬದಲು 100 ಆಗಿದ್ದರೆ ಅದು ಕೊಡುವುದು 9 ಮಾತ್ರ, ತೂಕ ಕಳೆಯುವುದು 11.8. ಸರಳು ಕಂಪಿಸುವುದಿಲ್ಲ, ಮಗುಚಿಕೊಳ್ಳುತ್ತದೆ.

ಸೀರೀಸ್, ಪ್ಯಾರಲಲ್ ಎರಡನ್ನೂ ಚಿತ್ರದ ಆಕಾರ ನೋಡಿ ತೀರ್ಮಾನಿಸಬೇಡಿ. ಎರಡು ಗೋಡೆಗಳ ನಡುವೆ ಸ್ಪ್ರಿಂಗ್, ಮಾಸ್, ಸ್ಪ್ರಿಂಗ್ ಎಂದು ಒಂದೇ ಸಾಲಿನಲ್ಲಿದ್ದರೂ ಅದು ಪ್ಯಾರಲಲ್, ಏಕೆಂದರೆ ಎರಡೂ ಸ್ಪ್ರಿಂಗುಗಳ ಉದ್ದ ಒಂದೇ ಅಳತೆಯಲ್ಲಿ ಬದಲಾಗುತ್ತದೆ. ಸರಿಯುವುದು ಸಮವಾದರೆ ಪ್ಯಾರಲಲ್, ಬಲ ಸಮವಾದರೆ ಸೀರೀಸ್. 4000ದ ಎರಡು ಸ್ಪ್ರಿಂಗ್ ಪ್ಯಾರಲಲ್‌ನಲ್ಲಿ 8000, ಸೀರೀಸ್‌ನಲ್ಲಿ 2000. ತಪ್ಪು ಹಿಡಿದರೆ ಫ್ರೀಕ್ವೆನ್ಸಿ ಎರಡು ಪಟ್ಟು ತಪ್ಪುತ್ತದೆ.

ಸಂಖ್ಯೆಗಳ ಅಂದಾಜು ಕೂಡ ಬೆಳೆಯಬೇಕು. ಅದಕ್ಕೆ ನಾನು ಹೇಳುವ ಒಂದೇ ಸೂತ್ರ: ಮೇಲಿರುವ ಮಾಸಿನ ತೂಕಕ್ಕೆ ಸ್ಪ್ರಿಂಗ್ ಎಷ್ಟು ಮಿ.ಮೀ. ಕುಗ್ಗುತ್ತದೋ ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿ, ಹರ್ಟ್ಸ್ ಸಿಗುತ್ತದೆ. 1 ಮಿ.ಮೀ. ಕುಗ್ಗಿದರೆ 15.8, 4 ಮಿ.ಮೀ. ಕುಗ್ಗಿದರೆ 7.9. ಇದನ್ನು ಒಂದು ಯಂತ್ರಕ್ಕೆ ಹಚ್ಚಿ ನೋಡಿ. ನಿಮಿಷಕ್ಕೆ 1500 ಸುತ್ತು ಎಂದರೆ 25 ಹರ್ಟ್ಸ್. ನಡುಗು ನೆಲಕ್ಕೆ ಇಳಿಯಬಾರದೆಂದರೆ ಓಡುವ ಫ್ರೀಕ್ವೆನ್ಸಿ ನ್ಯಾಚುರಲ್ ಫ್ರೀಕ್ವೆನ್ಸಿಯ (ಬಿಟ್ಟರೆ ತಾನಾಗಿ ಕಂಪಿಸುವ ಫ್ರೀಕ್ವೆನ್ಸಿ) 1.414 ಪಟ್ಟಿಗಿಂತ ಮೇಲಿರಲೇಬೇಕು, ಮೂರು ಪಟ್ಟು ಇಟ್ಟರೆ ನೆಮ್ಮದಿ. ಆಗ ನ್ಯಾಚುರಲ್ ಫ್ರೀಕ್ವೆನ್ಸಿ 8.3 ಹರ್ಟ್ಸ್, ಬೇಕಾದ ಕುಗ್ಗುವಿಕೆ 3.6 ಮಿ.ಮೀ. ಡ್ಯಾಂಪಿಂಗ್ ಇಲ್ಲದಿದ್ದರೆ ಬಲದ ಎಂಟನೇ ಒಂದು ಭಾಗ, ಅಂದರೆ ಶೇಕಡಾ 12.5 ನೆಲಕ್ಕೆ ಹೋಗುತ್ತದೆ. ಜೀಟಾ 0.2 ಮಾಡಿದರೆ ಅದು ಶೇಕಡಾ 19ಕ್ಕೆ ಏರುತ್ತದೆ! ಡ್ಯಾಂಪಿಂಗ್ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಮುರಿಯುತ್ತದೆ. ಹಾಗೆಂದು ಡ್ಯಾಂಪಿಂಗ್ ಪೂರ್ತಿ ತೆಗೆಯುವಂತೆಯೂ ಇಲ್ಲ, ಯಂತ್ರ ಶುರುವಾಗುವಾಗ, ನಿಲ್ಲುವಾಗ ರೆಸೊನೆನ್ಸ್ (ಆ ಎರಡು ಫ್ರೀಕ್ವೆನ್ಸಿಗಳೂ ಒಂದಾಗುವ ಸ್ಥಿತಿ) ದಾಟಿಯೇ ಹೋಗಬೇಕು. ಟ್ರಾನ್ಸ್‌ಮಿಸಿಬಿಲಿಟಿ (ನೆಲಕ್ಕೆ ಹೋಗುವ ಬಲದ ಪಾಲು) ಗ್ರಾಫನ್ನು ಉರು ಹೊಡೆಯುವ ಬದಲು ಜೀಟಾ 0, 0.2, 0.5 ಇಟ್ಟು ಕೈಯಾರೆ ಎಂಟು ಹತ್ತು ಬಿಂದು ಗುರುತಿಸಿ ಎಳೆಯಿರಿ. ಎಲ್ಲ ಗೆರೆಗಳೂ 1.414ರಲ್ಲಿ ಒಂದೇ ಬಿಂದುವಿನಲ್ಲಿ ಹಾಯುವುದನ್ನು ನೋಡಿದಮೇಲೆ ಮರೆಯುವ ಪ್ರಶ್ನೆಯಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ, ದಯವಿಟ್ಟು ಮಾಡಿ. 1 ಮಿ.ಮೀ. ದಪ್ಪದ ಉಕ್ಕಿನ ಸ್ಕೇಲನ್ನು ಮೇಜಿನ ಅಂಚಿನಿಂದ 25 ಸೆಂ.ಮೀ. ಹೊರಚಾಚಿ, ಒಳಗಿನ ಭಾಗವನ್ನು ಕ್ಲಾಂಪಿನಿಂದ ಬಿಗಿಮಾಡಿ. ಕ್ಯಾಂಟಿಲಿವರ್ ಸೂತ್ರದ ಪ್ರಕಾರ ಸುಮಾರು 13 ಹರ್ಟ್ಸ್ ಬರಬೇಕು. ಸ್ಕೇಲಿನ ಅಗಲ ಲೆಕ್ಕಕ್ಕೇ ಬರುವುದಿಲ್ಲ, ಏಕೆಂದರೆ ಅಗಲ ಹೆಚ್ಚಾದರೆ ಸ್ಟಿಫ್‌ನೆಸ್ಸೂ ಮಾಸೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ತುದಿಯನ್ನು ಮೀಟಿ, ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ತೆಗೆಯಿರಿ. ಹತ್ತು ಸುತ್ತಿಗೆ ಹತ್ತಿರ ಹತ್ತಿರ 185 ಫ್ರೇಮು ಸಿಗಬೇಕು. ಕಡಿಮೆ ಹರ್ಟ್ಸ್ ಬಂದರೆ ಮೊದಲು ಕ್ಲಾಂಪನ್ನು ಅನುಮಾನಿಸಿ. ಸೂತ್ರ ಕೇಳುವಷ್ಟು ಗಟ್ಟಿಯಾಗಿ ಯಾವ ಮೇಜೂ ಹಿಡಿಯುವುದಿಲ್ಲ. ಆಮೇಲೆ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ, 0.9 ಇದ್ದರೆ ಫ್ರೀಕ್ವೆನ್ಸಿಯೂ ಶೇಕಡಾ 10 ಇಳಿಯುತ್ತದೆ. ಉದ್ದವನ್ನು ಅರ್ಧ ಮಾಡಿದರೆ 52 ಹರ್ಟ್ಸ್, ನಾಲ್ಕು ಪಟ್ಟು. ಅದನ್ನೇ 30 ಫ್ರೇಮಿನ ಸಾಮಾನ್ಯ ವಿಡಿಯೋದಲ್ಲಿ ತೆಗೆದರೆ 8 ಹರ್ಟ್ಸ್‌ನಂತೆ ಕಾಣುತ್ತದೆ. ಅಲಿಯಾಸಿಂಗ್ ಎಂದರೆ ಇದೇ.

25 ಸೆಂ.ಮೀ.ಗೇ ವಾಪಸು ಬಂದು ತುದಿಗೆ 12 ಗ್ರಾಂ ಅಂಟಿಸಿ. ಸ್ಕೇಲಿನ ಅಗಲ 25 ಮಿ.ಮೀ. ಇದ್ದರೆ ಹೊರಚಾಚಿದ ಭಾಗ ಸುಮಾರು 49 ಗ್ರಾಂ, ಆದರೆ ತುದಿಯಲ್ಲಿ ಅದು 140ರಲ್ಲಿ 33 ಭಾಗದಷ್ಟು, ಸುಮಾರು 11.6 ಗ್ರಾಮಿನಂತೆ ಮಾತ್ರ ವರ್ತಿಸುತ್ತದೆ. ಹಾಗಾಗಿ ಆ ಸಣ್ಣ ತೂಕಕ್ಕೇ ಫ್ರೀಕ್ವೆನ್ಸಿ 13ರಿಂದ 9ರ ಆಸುಪಾಸಿಗೆ ಬೀಳುತ್ತದೆ. ಲ್ಯಾಬಿನಲ್ಲಿ ತೆಳು ತಗಡಿಗೆ ಕಂಪನ ಅಳೆಯುವ ಭಾರದ ಆಕ್ಸೆಲೆರೊಮೀಟರ್ ಅಂಟಿಸಿದರೆ ಆಗುವ ತಪ್ಪೂ ಇದೇ.

ಡ್ಯಾಂಪಿಂಗ್ ಅಳೆಯುವಾಗ ಪಕ್ಕಪಕ್ಕದ ಎರಡು ಶಿಖರ ತೆಗೆದುಕೊಂಡರೆ ಅಳತೆಯ ದೋಷವೇ ಉತ್ತರವನ್ನು ನುಂಗುತ್ತದೆ. ಹತ್ತು ಸುತ್ತು ಬಿಡಿ. 20 ಮಿ.ಮೀ. ಇದ್ದದ್ದು 10ಕ್ಕೆ ಇಳಿದರೆ ಲಾಗರಿತ್ಮಿಕ್ ಡಿಕ್ರಿಮೆಂಟ್ (ಪಕ್ಕದ ಶಿಖರಗಳ ಅನುಪಾತದ ಲಾಗರಿತಮ್) 0.693ರ ಹತ್ತನೇ ಒಂದು, ಜೀಟಾ 0.011. ಫ್ರೀಕ್ವೆನ್ಸಿ ಗ್ರಾಫಿನ ಶಿಖರದ ಅಗಲದಿಂದ ಡ್ಯಾಂಪಿಂಗ್ ತೆಗೆಯುವ ಹಾಫ್ ಪವರ್ ವಿಧಾನದಲ್ಲಿ ಇನ್ನೊಂದು ಹೊಂಡವಿದೆ. 10 ಹರ್ಟ್ಸ್, ಜೀಟಾ 0.01 ಎಂದರೆ ಶಿಖರದ ಅಗಲ 0.2 ಹರ್ಟ್ಸ್ ಮಾತ್ರ. 2 ಸೆಕೆಂಡು ರೆಕಾರ್ಡ್ ಮಾಡಿದರೆ ಎಫ್‌ಎಫ್‌ಟಿಯ (ರೆಕಾರ್ಡನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಗೆರೆಗಳ ನಡುವೆಯೇ 0.5 ಹರ್ಟ್ಸ್ ಅಂತರ, ಆ ಅಗಲ ಅದರಲ್ಲಿ ಕಾಣುವುದೇ ಇಲ್ಲ. ವರದಿಯಲ್ಲಿ ಡ್ಯಾಂಪಿಂಗ್ ನಂಬಲಾಗದಷ್ಟು ಹೆಚ್ಚಾಗಿ ಬಂದರೆ ರೆಕಾರ್ಡಿನ ಉದ್ದ ನೋಡಿ.

ಎರಡು ಡಿಗ್ರಿ ಆಫ್ ಫ್ರೀಡಂ, ಅಂದರೆ ಎರಡು ಸ್ವತಂತ್ರ ಚಲನೆಗಳಿರುವ ಲೆಕ್ಕ, ಶುರುವಾದಾಗ ಹೆದರಬೇಡಿ. ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಆಗಿರಬೇಕು, ಮತ್ತು ಪ್ರತಿ ಸಾಲನ್ನು ಕೂಡಿದರೆ ಆ ಮಾಸನ್ನು ಗೋಡೆಗೆ ಕಟ್ಟಿದ ಸ್ಪ್ರಿಂಗ್ ಮಾತ್ರ ಉಳಿಯಬೇಕು. ಎರಡೂ ಮಾಸ್ ಒಟ್ಟಿಗೆ ಸರಿದರೆ ನಡುವಿನ ಸ್ಪ್ರಿಂಗ್ ಹಿಗ್ಗುವುದಿಲ್ಲವಲ್ಲ. ಗೋಡೆ, ಸ್ಪ್ರಿಂಗ್, ಮಾಸ್, ಸ್ಪ್ರಿಂಗ್, ಮಾಸ್ ಎಂಬ ಸರಪಳಿಯಲ್ಲಿ ಎಲ್ಲ ಸಮವಾದರೆ ಒಮೆಗಾ ವರ್ಗಗಳು ಕೆ (ಸ್ಪ್ರಿಂಗಿನ ಸ್ಟಿಫ್‌ನೆಸ್) ಭಾಗಿಸು ಎಂನ (ಮಾಸ್) 0.382 ಮತ್ತು 2.618 ಪಟ್ಟು. ಕೂಡಿದರೆ 3, ಗುಣಿಸಿದರೆ 1: ಮ್ಯಾಟ್ರಿಕ್ಸಿನ ಕರ್ಣದ ಮೊತ್ತವೂ ಡಿಟರ್ಮಿನಂಟೂ ಅಷ್ಟೇ. ಈ ಒಂದು ನಿಮಿಷದ ಪರೀಕ್ಷೆ ಪರೀಕ್ಷಾ ಕೊಠಡಿಯಲ್ಲಿ ಬಹಳ ಉಳಿಸುತ್ತದೆ. ಅಂದಾಜು ಮಾಡುವ ವಿಧಾನಗಳಲ್ಲಿ ರೇಲಿ ವಿಧಾನ ಮೊದಲ ಫ್ರೀಕ್ವೆನ್ಸಿಯನ್ನು ನಿಜಕ್ಕಿಂತ ಮೇಲಕ್ಕೆ, ಡಂಕರ್ಲಿ ಕೆಳಕ್ಕೆ ಹೇಳುತ್ತದೆ. ಎರಡನ್ನೂ ಮಾಡಿದರೆ ನಿಜವಾದದ್ದು ನಡುವೆ ಸಿಕ್ಕಿಬೀಳುತ್ತದೆ.

ನಿಮಿಷದ ಸುತ್ತನ್ನು ರೇಡಿಯನ್‌ಗೆ ತರುವುದನ್ನು ಮರೆತು ಹರ್ಟ್ಸ್ ಅನ್ನೇ ಹಾಕಿದರೆ ಅನ್‌ಬ್ಯಾಲೆನ್ಸ್ ಬಲ (ತಿರುಗುವ ಭಾಗದ ತೂಕ ಒಂದು ಕಡೆ ಹೆಚ್ಚಾದಾಗ ಹುಟ್ಟುವ ಬಲ) ಸುಮಾರು 39 ಪಟ್ಟು ಕಡಿಮೆ ಬರುತ್ತದೆ, ಏಕೆಂದರೆ ಒಮೆಗಾ ಅಲ್ಲಿ ವರ್ಗವಾಗಿದೆ. ರೆಸೊನೆನ್ಸ್ ದಾಟಿದಮೇಲೆ ಕ್ಯಾಲ್ಕುಲೇಟರ್ ಫೇಸ್ ಕೋನವನ್ನು ಮೈನಸ್ಸಿನಲ್ಲಿ ತೋರಿಸುತ್ತದೆ, 180 ಡಿಗ್ರಿ ಕೂಡಿಸಿ.

ರೆಸೊನೆನ್ಸಿಗೆ ಉದಾಹರಣೆ ಕೊಡಿ ಎಂದರೆ 1940ರ ನವೆಂಬರ್ 7ರಂದು ಕುಸಿದ ಟಕೋಮಾ ನ್ಯಾರೋಸ್ ಸೇತುವೆಯನ್ನು ಬರೆಯಬೇಡಿ. ಅಲ್ಲಿ ಗಾಳಿ ಒಂದು ಫ್ರೀಕ್ವೆನ್ಸಿಯಲ್ಲಿ ಹೊಡೆದದ್ದರಿಂದ ಸೇತುವೆ ಕುಸಿಯಲಿಲ್ಲ. ಸೇತುವೆಯ ತಿರುಚಾಟವೇ ಗಾಳಿಯಿಂದ ಶಕ್ತಿ ಎಳೆದುಕೊಂಡು ಡ್ಯಾಂಪಿಂಗನ್ನು ನೆಗೆಟಿವ್ ಮಾಡಿತು. ಸಮೀಕರಣದಲ್ಲಿ ಡ್ಯಾಂಪಿಂಗ್ ಸೂಚಿಸುವ ಸಿಯ ಮುಂದಿನ ಚಿಹ್ನೆ ಬದಲಿಸಿ ಬಿಡಿಸಿ ನೋಡಿ, ಹೊರಗಿನ ಬಲ ಸೊನ್ನೆಯಿದ್ದರೂ ಕಂಪನ ಬೆಳೆಯುತ್ತಲೇ ಹೋಗುತ್ತದೆ.

ಕಂಪ್ಯೂಟರ್ ಬಳಸುವುದಾದರೆ ಕೈಲೆಕ್ಕ ಮಾಡಿದ ಸಮಸ್ಯೆಯಿಂದಲೇ ಶುರುಮಾಡಿ. ಡ್ಯಾಂಪಿಂಗ್ ಇಲ್ಲದ ಒಂದು ಸ್ಪ್ರಿಂಗ್-ಮಾಸನ್ನು ಸರಳ ಆಯ್ಲರ್ ವಿಧಾನದಲ್ಲಿ ಓಡಿಸಿದರೆ ಆಂಪ್ಲಿಟ್ಯೂಡ್ ಪ್ರತಿ ಸುತ್ತಿಗೂ ದೊಡ್ಡದಾಗುತ್ತದೆ. ಅದು ಭೌತಶಾಸ್ತ್ರವಲ್ಲ, ವಿಧಾನದ ದೋಷ. ಅದೇ ಲೆಕ್ಕವನ್ನು ನಾಲ್ಕನೇ ಆರ್ಡರಿನ ರುಂಗೆ-ಕುಟ್ಟಾದಲ್ಲಿ, ಒಂದು ಸುತ್ತಿಗೆ ಕನಿಷ್ಠ 20 ಹೆಜ್ಜೆ ಇಟ್ಟು ಓಡಿಸಿ. ಹೆಜ್ಜೆಯನ್ನು ಅರ್ಧ ಮಾಡಿದರೂ ಗ್ರಾಫ್ ಅಲುಗಾಡದಿದ್ದರೆ ಅದನ್ನು ನಂಬಬಹುದು.